ನಲವತ್ತೊಂದನೆಯ ಹಾಳೆ

ಆ ಭಾನುವಾರ ಮಧ್ಯಾಹ್ನ ನಾನು ಒಂದು ರವಿಕೆಗೆ ತೋಳು ಕೂರಿಸುತ್ತಿದ್ದೆ. ಅರಸೀಕೆರೆಯಲ್ಲಿ ನಮ್ಮ ಮನೆ ರೈಲು ಹಳಿಗೆ ಹತ್ತಿರ. ಗೂಡ್ಸ್ ಗಾಡಿ ಹೋಗುವಾಗ ಮೇಜಿನ ಮೇಲಿನ ಗುಂಡುಸೂಜಿ ಡಬ್ಬಿ ಸಣ್ಣಗೆ ಸದ್ದು ಮಾಡುತ್ತದೆ. ನಮ್ಮ ಯಜಮಾನರು ಊಟ ಮುಗಿಸಿ ಹಿತ್ತಿಲ ಬಾಗಿಲಿಗೆ ಒರಗಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಅವರು ಯಾರ ಹತ್ತಿರ ಮಾತಾಡುತ್ತಿದ್ದಾರೆ ಎಂಬುದು ನನಗೆ ನಗುವಿನಲ್ಲೇ ತಿಳಿಯುತ್ತಿತ್ತು. ಕಾಲೇಜಿನವರ ಜೊತೆ ಒಂದು ನಗು, ಅವರ ಅಣ್ಣನ ಜೊತೆ ಒಂದು ನಗು. ಕಂಪ್ಯೂಟರ್ ಕೆಲಸದಲ್ಲಿ ಅವರಿಗೆ ಜೊತೆಯಾಗಿದ್ದ ಬೇಲೂರಿನವಳ ಜೊತೆ ಮಾತ್ರ ಜಗಳವಾಡುತ್ತಾ ನಗುತ್ತಿದ್ದರು. ನನ್ನ ಜೊತೆ ಅವರು ಜಗಳವನ್ನೇ ಆಡುತ್ತಿರಲಿಲ್ಲ.

"ಆಗಲ್ಲ ಕಣಮ್ಮ. ನೀನು ಎಷ್ಟು ಹೇಳಿದ್ರೂ ಅಷ್ಟೇ," ಎನ್ನುತ್ತಿದ್ದರು. ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿದರು. "ಸರಿ ಬಿಡು, ಇನ್ನೊಂದು ಹಾಳೆ ಬರೀತೀನಿ. ಅದು ಹೆಂಗೆ ಹೇಳುತ್ತೋ ಹಂಗೆ. ಆಮೇಲೆ ತಕರಾರು ತೆಗೀಬಾರದು ಮತ್ತೆ!"

ಫೋನಿಟ್ಟು ಮಂಚದ ಮೇಲೆ ಕೂತು ಏನೋ ಬರೆದರು. ಒಂದು ಗಂಟೆಯ ಮೇಲಾಯಿತು. ಆಮೇಲೆ ಹಾಳೆಯನ್ನೂ ಪೆನ್ಸಿಲನ್ನೂ ಹಿಡಿದು ನನ್ನ ಮೇಜಿನ ಹತ್ತಿರ ಬಂದರು.

"ಇದೊಂದಕ್ಕೆ ಗೆರೆ ಹಾಕ್ಕೊಡೇ."

ಅವರು ಆ ಮಾತು ಹೇಳದೆ ಎಂಟು ವರ್ಷ ಆಗಿತ್ತು. ನನಗೆ ಸಂತೋಷವಾಗಬೇಕಿತ್ತು. ಆದರೆ ಆ ನಗು ಇನ್ನೂ ಕಿವಿಯಲ್ಲಿತ್ತು.

"ಯಾಕೆ, ಬೇಲೂರಲ್ಲಿ ಪೆನ್ಸಿಲ್ ಸಿಗಲ್ವಂತಾ?"

"ಪೆನ್ಸಿಲ್ ಸಿಗುತ್ತೆ. ಗೆರೆ ಸಿಗಲ್ಲ," ಎಂದು ನಕ್ಕರು.

"ನಾಳೆಗೆ ಮೂರು ರವಿಕೆ ಕೊಡ್ಬೇಕು ರೀ. ಈಗ ಆಗಲ್ಲ."

"ಆಗ್ಲಿ, ನಿಧಾನಕ್ಕೆ ಹಾಕು," ಎಂದು ಹಾಳೆಯನ್ನು ಸೂಜಿ ಡಬ್ಬಿಯ ಕೆಳಗಿಟ್ಟರು. ಸಂಜೆ ಸಂತೆ ಕಡೆ ಹೋಗಿ ಬರುತ್ತೇನೆಂದು ಚೀಲ ತೆಗೆದುಕೊಂಡು ಹೊರಟರು.

ಅವರು ಹೋದ ಮೇಲೆ ನಾನು ಮಾಡಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ರವಿಕೆಗೆ ಕತ್ತಿನ ಅಚ್ಚು ಬೇಕಿತ್ತು. ನಮ್ಮ ಮನೆಯಲ್ಲಿ ಒಂದು ರೂಢಿ: ಎರಡೂ ಬದಿ ಬರೆದು ಮುಗಿದ ಹಾಳೆ ಅವರ ಮೇಜಿನಿಂದ ನನ್ನ ಮೇಜಿಗೆ ಬರುತ್ತದೆ. ನಾನು ಅದನ್ನು ಉದ್ದಕ್ಕೆ ಮಡಿಸಿ, ಸೀಮೆಸುಣ್ಣದಲ್ಲಿ ಅರ್ಧ ಕತ್ತಿನ ಆಕಾರ ಬರೆದು ಕತ್ತರಿಸುತ್ತೇನೆ. ಬಿಡಿಸಿದರೆ ಪೂರ್ತಿ ಕತ್ತು. ಆ ಹಾಳೆಯ ಹಿಂಬದಿಯಲ್ಲಿ ಏನೋ ಪ್ರಿಂಟಾಗಿತ್ತು, ಮುಂಬದಿಯಲ್ಲಿ ಅವರ ಬರಹವಿತ್ತು. ಆದ್ದರಿಂದ ರದ್ದಿ ಎಂದುಕೊಂಡೆ ಎಂದು ಬೇರೆಯವರಿಗೆ ಹೇಳಬಹುದು. ಆದರೆ ರದ್ದಿ ಹಾಳೆಗಳ ರಾಶಿ ಪಕ್ಕದಲ್ಲೇ ಇತ್ತು. ಕೈ ಅದರ ಕಡೆ ಹೋಗಲಿಲ್ಲ. ಡಬ್ಬಿ ಎತ್ತಿ ಈ ಹಾಳೆಯನ್ನೇ ಮಡಿಸಿ ಕತ್ತರಿಸಿದೆ. ಅಚ್ಚನ್ನು ಮೊಳೆಗೆ ಸಿಕ್ಕಿಸಿದೆ. ಕತ್ತರಿಸಿ ಬಿದ್ದ ತುಂಡನ್ನು ಬೆಳಿಗ್ಗೆ ಕಸದ ಜೊತೆ ಗುಡಿಸಿ ಕಸದ ಗಾಡಿಗೆ ಕೊಟ್ಟೆ.

ಸೋಮವಾರ ತಿಂಡಿ ತಿನ್ನುತ್ತಾ, "ಹಾಳೆ ನೋಡಿದ್ಯಾ?" ಎಂದು ಕೇಳಿದರು.

"ಸಂಜೆ ನೋಡ್ತೀನಿ," ಎಂದೆ.

ಕಾಲೇಜಿನ ಮೆಟ್ಟಿಲು ಹತ್ತುವಾಗ ಕುಸಿದರಂತೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು.

*

ಅವರು ಊರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದರು. ನಾನು ಎಸ್ಸೆಸ್ಸೆಲ್ಸಿ ಮಾಡಿ, ಆಮೇಲೆ ಹೊಲಿಗೆ ಕಲಿತವಳು. ಇಂಗ್ಲಿಷ್ ಅಕ್ಷರ ಓದುತ್ತೇನೆ, ಅರ್ಥ ಕೇಳಿದರೆ ಹೇಳಲಾರೆ. ಮನೆಯಲ್ಲಿ ನಾವಿಬ್ಬರೇ.

ಒಂದು ವರ್ಷ ಒಂದು ತರಗತಿಯವರೆಲ್ಲ ಒಬ್ಬಳೇ ಹುಡುಗಿಯ ಪ್ರೋಗ್ರಾಮನ್ನು ನೋಡಿ ಬರೆದುಕೊಂಡು ಬಂದಿದ್ದರು. ಅಲ್ಲಲ್ಲಿ ಹೆಸರು ಬದಲಾಯಿಸಿ, ಖಾಲಿ ಜಾಗ ಹೆಚ್ಚುಕಡಿಮೆ ಮಾಡಿ, ತಮ್ಮದೇ ಎನ್ನುವ ಹಾಗೆ ತೋರಿಸಿದ್ದರು. ಇವರು ಮನೆಗೆ ಬಂದು ರೆಕಾರ್ಡ್ ಪುಸ್ತಕಗಳನ್ನು ಹಾಸಿಕೊಂಡು ಕೂತು ನಗಾಡಿದರು. "ನೋಡೇ ಇಲ್ಲಿ. ಒಂದೇ ಸೀರೆ, ಅಂಚು ಮಾತ್ರ ಬೇರೆ ಹಾಕ್ಕೊಂಡು ಬಂದವ್ರೆ." ಹಾಗೆ ನಕಲು ಮಾಡಿದವರನ್ನು ಹಿಡಿಯುವುದಕ್ಕೆಂದು ಅವರು ಶುರು ಮಾಡಿದ ಕೆಲಸ ಅದು.

ಅವರು ನನಗೆ ವಿವರಿಸಿದ ಹಾಗೆ ಹೇಳುತ್ತೇನೆ. ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಬಿಡಿ ತುಂಡುಗಳಾಗಿ ಕತ್ತರಿಸಬೇಕು. ಇದು ಹೆಸರು, ಇದು ಅಂಕಿ, ಇದು ಚಿಹ್ನೆ ಎಂದು ಒಂದೊಂದು ತುಂಡಿಗೂ ಚೀಟಿ ಅಂಟಿಸಬೇಕು. ಅಷ್ಟೇ. ಸಾಲು ಏನು ಹೇಳುತ್ತಿದೆ ಎಂದು ಕೇಳುವ ಹಾಗಿಲ್ಲ. ಹೀಗೆ ಕತ್ತರಿಸಿಕೊಡುವುದಕ್ಕೆ ಟೋಕನೈಜರ್ ಎಂದು ಹೆಸರು. ಬೇರೆಯವರೂ ತಮ್ಮ ಕೆಲಸಕ್ಕೆ ಸೇರಿಸಿಕೊಳ್ಳುವ ಹಾಗೆ ಅದನ್ನು ಕಟ್ಟಿಟ್ಟರೆ ಲೈಬ್ರರಿ ಎನ್ನುತ್ತಾರೆ. ಈ ಮಾತು ಬೀದಿಗೂ ಹೋಗಿ, ಒಬ್ಬ ಗಿರಾಕಿ ನನ್ನನ್ನು, "ಟೇಲರಮ್ಮ, ನಿಮ್ಮನೇರು ಲೈಬ್ರರಿ ಮಡಗವ್ರಂತಲ್ಲ, ನಮ್ಮ ಹುಡ್ಗಿಗೊಂದು ಕತೆ ಪುಸ್ತಕ ಕೊಡ್ಸಿ," ಎಂದು ಕೇಳಿದ್ದಳು.

ಮೊದಲನೆಯದು ಬಹಳ ಸಣ್ಣದಿತ್ತು. ಖಾಲಿ ಜಾಗ ಸಿಕ್ಕಿದಲ್ಲೆಲ್ಲ ಕತ್ತರಿಸುತ್ತಿತ್ತು. ಅದು ಸರಿಯಾಗಿ ಕತ್ತರಿಸುತ್ತಿದೆಯೋ ಇಲ್ಲವೋ ನೋಡುವುದಕ್ಕೆ ಅವರಿಗೆ ಇನ್ನೊಂದು ಕಣ್ಣು ಬೇಕಿತ್ತು. "ನನಗೆ ಅರ್ಥ ಗೊತ್ತು, ಅದೇ ತೊಂದರೆ. ಅರ್ಥ ಗೊತ್ತಿಲ್ದೆ ಕತ್ತರಿಸೋರು ಬೇಕು ಕಣೇ," ಎಂದು ಒಂದು ಹಾಳೆಯ ಮೇಲೆ ಕೈಯಲ್ಲೇ ಹದಿನೈದು ಸಾಲು ಬರೆದು ಕೊಟ್ಟರು. ಎಲ್ಲೆಲ್ಲಿ ಕತ್ತರಿಸಬೇಕು ಅನ್ನಿಸುತ್ತದೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಹಾಕು ಎಂದರು. ಬೇರೆ ಹೆಂಗಸಾಗಿದ್ದರೆ ಬೇಸರ ಪಡುತ್ತಿದ್ದಳೇನೋ. ಕತ್ತರಿಸುವ ಗೆರೆ ಹಾಕುವುದು ನನ್ನ ಕಸುಬೇ.

ಒಂದು ಕಡೆ, ಮೇಲ್ಗಡೆ ಹಾಕಿದ ಎರಡೆರಡು ಚುಕ್ಕಿಗಳ ನಡುವೆ ನಾಲ್ಕು ಪದಗಳಿದ್ದವು. ಮಾತನ್ನು ಬರೆಯುವಾಗ ಹಾಕುತ್ತಾರಲ್ಲ, ಆ ಗುರುತು. ನಾನು ಅದಷ್ಟನ್ನೂ ಒಂದೇ ತುಂಡು ಮಾಡಿದ್ದೆ.

"ಇದ್ಯಾಕೆ ಇಷ್ಟುದ್ದ ಬಿಟ್ಟಿದೀಯ?"

"ಎರಡೂ ಕಡೆ ಹೊಲಿಗೆ ಹಾಕವ್ರಲ್ರೀ. ಹೊಲಿದಿರೋದನ್ನ ಮಧ್ಯಕ್ಕೆ ಕತ್ರಿಸ್ತಾರಾ?"

ಅವರ ಪ್ರೋಗ್ರಾಂ ಅದನ್ನು ನಾಲ್ಕು ತುಂಡು ಮಾಡಿತ್ತು. ನನ್ನದೇ ಸರಿ. ಅವರು ಎದ್ದು ನಿಂತು ನನ್ನ ತಲೆಯ ಮೇಲೆ ಕೈಯಿಟ್ಟು, "ಶಭಾಷ್," ಎಂದರು. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಹಾಗೆ ಅವರು ಅಂದದ್ದು ಅದೇ ಮೊದಲು.

ಆದರೆ ಅದೇ ಹಾಳೆಯಲ್ಲಿ ನಾನು ಒಂದು ತಪ್ಪೂ ಮಾಡಿದ್ದೆ. ಪದ ಮುಗಿದ ಕೂಡಲೇ ಗೆರೆ ಹಾಕಿರಲಿಲ್ಲ. ಪದವಾಯಿತು, ಅದರ ಮುಂದಿನ ಖಾಲಿ ಜಾಗವಾಯಿತು, ಆ ಖಾಲಿ ಜಾಗವೂ ಮುಗಿದ ಮೇಲೆ ಗೆರೆ. ಎಲ್ಲ ಸಾಲಿನಲ್ಲೂ ಹಾಗೇ.

"ಖಾಲಿ ಜಾಗ ಯಾತಕ್ಕೆ ಸೇರಿಸ್ದೆ? ಅದನ್ನ ಎಲ್ಲಾರೂ ಬಿಸಾಕ್ತಾರೆ."

"ಒಳಗಡೆ ಬಟ್ಟೆ ಬಿಡ್ಬೇಡ್ವಾ? ಅಂಚಿಗೇ ಕತ್ರಿಸಿಬಿಟ್ರೆ ಮತ್ತೆ ಜೋಡ್ಸೋದು ಎಲ್ಲಿಂದ?"

ಎರಡು ದಿನ ಅದನ್ನೇ ಯೋಚಿಸುತ್ತಾ ಓಡಾಡಿದರು. ಒಮ್ಮೆ ನನ್ನ ಮೇಜಿನ ಕೆಳಗಿನ ಚೀಲಗಳನ್ನು ತೋರಿಸಿ, ಏನು ಇವೆಲ್ಲ ಎಂದು ಕೇಳಿದರು. ಗಿರಾಕಿಗಳ ಬಟ್ಟೆಯ ಚೂರುಗಳು. ರವಿಕೆ ಹಾಕಿ ನೋಡಿ ಸರಿಯಾಯಿತು ಎನ್ನುವವರೆಗೂ ನಾನು ಒಂದು ಚೂರನ್ನೂ ಎಸೆಯುವುದಿಲ್ಲ ಎಂದೆ. ಮೂರನೆಯ ದಿನ ಅವರು ಬರೆದದ್ದೆಲ್ಲವನ್ನೂ ಅಳಿಸಿ ಹೊಸದಾಗಿ ಶುರು ಮಾಡಿದರು. ಕತ್ತರಿಸಿದ ತುಂಡುಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಮೊದಲಿದ್ದದ್ದು ಇದ್ದ ಹಾಗೇ ಬರಬೇಕು, ಒಂದು ಎಳೆಯೂ ಕಡಿಮೆಯಾಗಬಾರದು. ಇದು ಆ ಲೈಬ್ರರಿಯ ಮೊದಲನೆಯ ನಿಯಮವಾಯಿತು. ಖಾಲಿ ಜಾಗ ಅದರ ಹಿಂದಿನ ತುಂಡಿಗೆ ಸೇರಬೇಕು. ಇದು ಎರಡನೆಯದು.

ಆಮೇಲೆ ಎರಡು ವರ್ಷ ಹಾಳೆಗಳು ಬಂದವು. ಒಲೆಯ ಮೇಲೆ ಅನ್ನಕ್ಕಿಟ್ಟು ಗೆರೆ ಹಾಕಿದ್ದೇನೆ, ಜ್ವರದಲ್ಲಿ ಮಲಗಿ ಗೆರೆ ಹಾಕಿದ್ದೇನೆ. ನನ್ನ ಗೆರೆಗಳನ್ನು ನೋಡಿ ಅವರು ಪ್ರೋಗ್ರಾಂ ತಿದ್ದುತ್ತಿದ್ದರು. ನಲವತ್ತನೆಯ ಹಾಳೆಯಲ್ಲಿ ಅದರ ಗೆರೆಗೂ ನನ್ನ ಗೆರೆಗೂ ಎಲ್ಲೂ ವ್ಯತ್ಯಾಸವಿರಲಿಲ್ಲ. ಅವರು ತುಂಬಾ ಖುಷಿಯಾಗಿದ್ದರು. "ಸಾಕು ಕಣೇ, ಇನ್ನು ಅದಕ್ಕೇ ಬರುತ್ತೆ," ಎಂದರು. ನಾನು ಅರ್ಧ ದಿನ ಮಾಡುವ ಕೆಲಸವನ್ನು ಅದು ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತಿತ್ತು. ಪೆನ್ಸಿಲನ್ನು ಸೂಜಿ ಡಬ್ಬಿಗೆ ಹಾಕಿದೆ. ಒಂದು ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಎಂದು ಗೊತ್ತಿತ್ತು. ಆದರೂ ಪಟ್ಟೆ. ಅವರು ಕಂಪ್ಯೂಟರಿನ ಮುಂದೆ ಕೂತಾಗ ಬೇಕೆಂದೇ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದೆ.

*

ಅವರು ಲೈಬ್ರರಿಯನ್ನು ಎಲ್ಲರಿಗೂ ಸಿಗುವ ಹಾಗೆ ಇಂಟರ್ನೆಟ್ಟಿನಲ್ಲಿ ಇಟ್ಟರು. ಯಾರು ಯಾರೋ ತೆಗೆದುಕೊಂಡರು. ಇಲ್ಲಿ ತಪ್ಪಿದೆ, ಅಲ್ಲಿ ನಿಧಾನ ಎಂದು ಬರೆಯುತ್ತಿದ್ದರು. ಇವರು ಊಟಕ್ಕೆ ಕೂತಾಗ ಅವನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಅಲ್ಲಿಯವರೆಗೆ ನನಗೆ ಅಷ್ಟು ಕಷ್ಟವಾಗಲಿಲ್ಲ. ದೂರದವರು, ಮುಖವಿಲ್ಲದವರು.

ಆಮೇಲೆ ಬೇಲೂರಿನವಳು ಬರೆದಳು. ಬೇಲೂರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವವಳು. ಮಕ್ಕಳು ಬರೆದ ಪ್ರೋಗ್ರಾಮಿನಲ್ಲಿ ಒಂದೊಂದು ತುಂಡೂ ಒಂದೊಂದು ಬಣ್ಣದಲ್ಲಿ ಕಾಣುವ ಹಾಗೆ ಮಾಡಲು ಇವರ ಲೈಬ್ರರಿಯನ್ನು ಹಾಕಿಕೊಂಡಿದ್ದಳು. ಒಂದು ಮಗು ಮಾತಿನ ಗುರುತು ತೆರೆದು ಮುಚ್ಚುವುದನ್ನು ಮರೆತಿತ್ತು. ಲೈಬ್ರರಿ ಮುಚ್ಚುವ ಗುರುತನ್ನು ಹುಡುಕುತ್ತಾ ಹುಡುಕುತ್ತಾ ಅಲ್ಲೇ ನಿಂತುಬಿಟ್ಟಿತು. ಅವಳು ತಪ್ಪನ್ನು ಹೇಳಿದ್ದಷ್ಟೇ ಅಲ್ಲ, ಅದನ್ನು ಸರಿ ಮಾಡಿಯೂ ಕಳಿಸಿದ್ದಳು.

"ಎಂಥಾ ಹುಡುಗಿ ಅಂತೀಯ! ನನಗೆ ಹೊಳೆದೇ ಇರ್ಲಿಲ್ಲ," ಎಂದರು.

ನನಗೂ ಹೊಳೆದಿರಲಿಲ್ಲ. ಗಂಟು ಹಾಕದೆ ಬಿಟ್ಟ ಹೊಲಿಗೆಯನ್ನು ನಾನು ದಿನವೂ ನೋಡುತ್ತೇನೆ, ಆದರೆ ಅಂಥ ಸಾಲನ್ನು ಅವರು ನನಗೆ ಬರೆದು ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಹೇಳುತ್ತಿದ್ದೆ. ಅಂದು ನಾನು ಅದನ್ನೇ ಯೋಚಿಸುತ್ತಾ ಸಾರಿಗೆ ಉಪ್ಪು ಹಾಕುವುದನ್ನು ಮರೆತೆ. ಅವರು ಸುಮ್ಮನೆ ಉಂಡರು. ಅವರಿಗೆ ಗೊತ್ತೇ ಆಗಲಿಲ್ಲ ಎನ್ನುವುದು ಇನ್ನೂ ಹೆಚ್ಚು ಸುಟ್ಟಿತು.

ವರ್ಷ ಕಳೆದ ಹಾಗೆ ಲೈಬ್ರರಿ ಬೆಳೆಯಿತು. ಮೊದಲು ಒಂದು ಭಾಷೆಯ ಪ್ರೋಗ್ರಾಮನ್ನು ಮಾತ್ರ ಕತ್ತರಿಸುತ್ತಿದ್ದದ್ದು ಮೂರು ಭಾಷೆಯದನ್ನು ಕತ್ತರಿಸತೊಡಗಿತು. ವೇಗವಾಗಲೆಂದು ಇಬ್ಬರೂ ಸೇರಿ ಒಳಗಿನದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದರು. ಬೇಲೂರಿನವಳ ತವರು ಹಳೇಬೀಡಿನ ಹತ್ತಿರ ಹುಲಿಕೆರೆ. ರಜೆಗೆ ಅವಳು ತವರಿಗೆ ಬಂದಾಗ ಇವರು ಬೆಳಿಗ್ಗೆ ಬಸ್ಸಿಗೆ ಹಳೇಬೀಡಿಗೆ ಹೋಗಿ, ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಅವಳ ಜೊತೆ ಮಧ್ಯಾಹ್ನದವರೆಗೂ ಕೂತು ಬರುತ್ತಿದ್ದರು. ವರ್ಷಕ್ಕೊಂದು ಸಲ, ಹೆಚ್ಚೆಂದರೆ ಎರಡು ಸಲ.

"ನೀನೂ ಬಾರೇ. ಗುಡಿ ನೋಡ್ಕಂಡು ಬರಾಣ."

"ನೋಡಿರೋ ಗುಡೀನೇ. ನಂಗೇನು ಕೆಲ್ಸ ಅಲ್ಲಿ?"

ಅವರು ಮರಳಿ ಬಂದಾಗ ಅಂಗಿ ಒಗೆಯಲು ತೆಗೆದುಕೊಳ್ಳುವ ನೆವದಲ್ಲಿ ಮೂಸಿ ನೋಡುತ್ತಿದ್ದೆ. ಕಾಫಿಯ ವಾಸನೆ, ಬಸ್ಸಿನ ಧೂಳು. ಬೇರೇನಿಲ್ಲ. ಬೇರೇನಾದರೂ ಇದ್ದಿದ್ದರೆ ಕೂಗಾಡಬಹುದಿತ್ತು. ಒಂದು ಸಲ ಅವರ ಅಂಗೈ ಮೇಲೆ ಪೆನ್ನಿನಲ್ಲಿ ಏನೋ ಎರಡು ಸಾಲು ಬರೆದಿತ್ತು. ಅವಳು ಹೇಳಿದ್ದನ್ನು ಮರೆಯಬಾರದೆಂದು ಬಸ್ಸಿನಲ್ಲಿ ಬರೆದುಕೊಂಡರಂತೆ. ಆ ಕೈಗೆ ನೀರು ತಾಗಿಸದೆ, ಬಲಗೈ ಒಂದನ್ನೇ ತೊಳೆದು ಊಟ ಮಾಡಿದರು. ನಾನು ಹೇಳಿದ ಯಾವ ಮಾತನ್ನೂ ಅವರು ಕೈಮೇಲೆ ಬರೆದುಕೊಂಡಿರಲಿಲ್ಲ.

*

ಅವರು ಹೋದ ದಿನ ಸಂಜೆ ಮನೆ ತುಂಬ ಜನ. ಅವರ ಫೋನು ನನ್ನ ಮಡಿಲಲ್ಲಿತ್ತು. ಯಾರು ತಂದುಕೊಟ್ಟರೋ ನೆನಪಿಲ್ಲ. ಒಂದು ಮೆಸೇಜು ಬಂತು. "ಸಾರ್, ಹಾಳೆ ಏನಂತು?"

ನಾನು ಉತ್ತರ ಬರೆಯಲಿಲ್ಲ. ಹನ್ನೊಂದು ದಿನ ಅವಳಿಗೆ ತಿಳಿಯಲಿಲ್ಲ. ನಡುವೆ ಇನ್ನೂ ಎರಡು ಬಂದವು. "ಸಾರ್ ಊರಲ್ಲಿಲ್ವಾ?" "ಕೋಪಾನಾ ಸಾರ್?" ಓದಿ ಓದಿ ಮುಚ್ಚಿಡುತ್ತಿದ್ದೆ. ಅವಳಿಗೆ ಅವರು ಇನ್ನೂ ಬದುಕಿದ್ದರು. ಅದನ್ನೂ ನನಗೆ ನೋಡಲಾಗಲಿಲ್ಲ. ಕಾರ್ಯ ಮುಗಿದ ಮೇಲೆ ಎರಡೇ ಪದ ಬರೆದೆ. ತಕ್ಷಣ ಫೋನ್ ಮಾಡಿದಳು. ಮಾತಾಡಲಿಲ್ಲ, ಅತ್ತಳು. ಬಿಕ್ಕಿ ಬಿಕ್ಕಿ, ಚಿಕ್ಕ ಮಕ್ಕಳ ಹಾಗೆ. ನಾನು ಹನ್ನೊಂದು ದಿನದಲ್ಲಿ ಅಷ್ಟು ಚೆನ್ನಾಗಿ ಅತ್ತಿರಲಿಲ್ಲ. ಅವಳ ಅಳುವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಎರಡು ತಿಂಗಳು ಬಿಟ್ಟು ಮತ್ತೆ ಫೋನ್ ಮಾಡಿದಳು. ತಡೆ ತಡೆದು ಹೇಳಿದಳು. ಮೂರು ಭಾಷೆಗಳಲ್ಲಿ ಒಂದು ಬದಲಾಗಿದೆ. ಮಾತಿನ ಗುರುತನ್ನು ಬರೆಯುವ ಹೊಸ ರೀತಿಯೊಂದು ಬಂದಿದೆ. ಲೈಬ್ರರಿ ಅದನ್ನು ನಡುವೆ ಕತ್ತರಿಸುತ್ತಿದೆ. ಬಳಸುವವರು ದೂರುತ್ತಿದ್ದಾರೆ. ಅವಳು ಸರಿ ಮಾಡಿ ಇಟ್ಟಿದ್ದಾಳೆ, ಆದರೆ ಹೊರಗೆ ಬಿಡುವ ಅಧಿಕಾರ ಸಾರ್ ಒಬ್ಬರಿಗೇ ಇತ್ತು. ಅವಳ ಹೆಸರನ್ನು ಸೇರಿಸಬೇಕಾದರೆ ಸಾರ್ ಫೋನಿಗೆ ಆರು ಅಂಕಿ ಬರುತ್ತದೆ, ಅದನ್ನು ನಾನು ಓದಿ ಹೇಳಬೇಕು.

"ನೋಡ್ತೀನಿ," ಎಂದೆ.

ಹಾಗೆ ನಾಲ್ಕು ಸಲ ಹೇಳಿದೆ. ಅವರ ಫೋನನ್ನು ದಿನವೂ ಚಾರ್ಜಿಗೆ ಹಾಕುತ್ತಿದ್ದೆ. ಸಿಮ್ ನಿಲ್ಲದ ಹಾಗೆ ರೀಚಾರ್ಜ್ ಮಾಡಿಸುತ್ತಿದ್ದೆ. ಅವರು ಹತ್ತು ವರ್ಷ ಕೂತು ಕಟ್ಟಿದ ಮನೆಯೊಂದರ ಬೀಗದ ಕೈ ನನ್ನಲ್ಲಿತ್ತು, ಆದರೆ ಬಾಗಿಲು ತೆರೆದರೆ ಒಳಗೆ ಹೋಗಲು ಬರುತ್ತಿದ್ದದ್ದು ಅವಳಿಗೆ. ನನಗೆ ಒಳಗೇನಿದೆ ಎಂದು ಓದಲೂ ಬರುವುದಿಲ್ಲ. ಅಲ್ಲಿ ಎಲ್ಲಾದರೂ ನಾನಿದ್ದೇನೆಯೇ ಎನ್ನುವುದು ಒಂದೇ ನನಗೆ ತಿಳಿಯಬೇಕಿದ್ದದ್ದು. ಅದನ್ನು ಕೇಳಬೇಕಾದರೂ ಅವಳನ್ನೇ ಕೇಳಬೇಕು.

ಐದನೆಯ ಸಲ ಅವಳು ಅಂಕಿ ಕೇಳಲಿಲ್ಲ. "ಅಕ್ಕ, ಆ ಹಾಳೆ ನಿಮ್ಮ ಹತ್ರ ಇದ್ಯಾ?" ಎಂದಳು.

ನಾನು ಮೊಳೆಯ ಕಡೆ ನೋಡಿದೆ. ಅಚ್ಚು ಅಲ್ಲೇ ತೂಗುತ್ತಿತ್ತು.

"ಹಳೇಬೀಡಿಗೆ ಬತ್ತೀನಿ," ಎಂದೆ. "ನೀವು ಕೂತ್ಕತಿದ್ದ ಹೋಟ್ಲು ಯಾವುದು ತೋರಿಸ್ಬೇಕು."

*

ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಚ್ಚು ಮಡಿಕೆಯಾಗಬಾರದೆಂದು ಎರಡು ರಟ್ಟಿನ ನಡುವೆ ಇಟ್ಟು ಚೀಲದಲ್ಲಿ ನಿಲ್ಲಿಸಿಕೊಂಡಿದ್ದೆ. ಹಳೇಬೀಡಿನಲ್ಲಿ ಇಳಿದಾಗ ಒಂದು ಶಾಲೆಯ ಮಕ್ಕಳು ಸಾಲಾಗಿ ಗುಡಿಯ ಕಡೆ ಹೋಗುತ್ತಿದ್ದವು. ಎದುರಿನ ಹೋಟೆಲಿನ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಹುಡುಗಿ ಹುಡುಗಿ ಎಂದು ಅವರು ಹೇಳಿ ಹೇಳಿ ನನ್ನ ಮನಸ್ಸಿನಲ್ಲಿ ಅವಳಿಗೆ ಇಪ್ಪತ್ತೈದು ವರ್ಷ. ನಲವತ್ತು ದಾಟಿದವಳು, ದಪ್ಪ ಕನ್ನಡಕ, ಎಣ್ಣೆ ಹಾಕಿ ಬಾಚಿದ ತಲೆ. ಅವಳ ರವಿಕೆಯ ಬಲತೋಳು ಕಂಕುಳಲ್ಲಿ ಎಳೆದುಕೊಂಡಿತ್ತು. ಯಾರೋ ತಿಳಿಯದವರು ಕೂರಿಸಿದ್ದು. ಅದನ್ನು ನೋಡಿ ನನಗೆ ಸಮಾಧಾನವಾಯಿತು ಎಂದರೆ ಸಣ್ಣತನ. ಆದರೂ ಆಯಿತು.

"ಇದೇ ಟೇಬಲ್ ಅಕ್ಕ. ಸಾರ್ ಆ ಕಡೆ, ನಾನು ಈ ಕಡೆ. ಇಲ್ಲಿ ಪ್ಲಗ್ ಇದೆ ಅಂತ."

ನಾನು ಅವರ ಕಡೆ ಕೂತೆ. ಕಾಫಿ ಬಂತು. ಇಬ್ಬರೂ ಕುಡಿಯಲಿಲ್ಲ.

"ಆವತ್ತು ಫೋನಲ್ಲಿ ಏನು ಜಗಳ?" ಎಂದು ಕೇಳಿದೆ.

"ಅಯ್ಯೋ, ಅದೇ ಹಳೇ ಜಗಳ. ಖಾಲಿ ಜಾಗದ್ದು. ಪ್ರೋಗ್ರಾಂ ಬರೆಯೋರು ಒಂದು ಸಾಲಿನ ಮೇಲೆ ಟಿಪ್ಪಣಿ ಬರೀತಾರೆ, ಕೆಳಗಿನ ಸಾಲು ಏನು ಮಾಡುತ್ತೆ ಅಂತ. ಆ ಟಿಪ್ಪಣಿ, ಅದರ ಸುತ್ತಲ ಖಾಲಿ ಜಾಗ, ಎಲ್ಲ ಕೆಳಗಿನದಕ್ಕೆ ತಾನೇ ಸೇರ್ಬೇಕು? ನಮ್ಮದ್ರಲ್ಲಿ ಎಲ್ಲ ಹಿಂದಿನದಕ್ಕೇ ಹೋಗಿ ಅಂಟ್ಕೊಳುತ್ತೆ. ಬದಲಾಯಿಸೋಣ ಸಾರ್ ಅಂತ ನಾಲ್ಕು ವರ್ಷದಿಂದ ಹೇಳ್ತಿದ್ದೆ. ಮನೆ ಹಾಳೆ ಒಪ್ಪಲ್ಲ ಕಣಮ್ಮ ಅಂದ್ಬಿಡೋರು. ಅಲ್ಲಿಗೆ ಮುಗೀತು. ಯಾವ್ದು ಸಾರ್ ಅದು ಮನೆ ಹಾಳೆ, ಒಲೆಗೆ ಹಾಕಿ ಅಂತ ಬೈತಿದ್ದೆ ನಾನು."

ಅವಳು ಲ್ಯಾಪ್‌ಟಾಪ್ ತೆರೆದು ನನ್ನ ಕಡೆ ತಿರುಗಿಸಿದಳು. ಅದರಲ್ಲಿ ಒಂದು ಪಟ್ಟಿ. ಮನೆ ಒಂದು, ಮನೆ ಎರಡು, ಮನೆ ಮೂರು. ಇಂಗ್ಲಿಷ್ ಅಕ್ಷರದಲ್ಲಿದ್ದರೂ ನನಗೆ ಓದಲು ಬಂತು. ಲೈಬ್ರರಿಯಲ್ಲಿ ಯಾರು ಏನೇ ಬದಲಾಯಿಸಲಿ, ಮೊದಲು ಅದು ಈ ನಲವತ್ತು ಹಾಳೆಗಳನ್ನು ಮತ್ತೆ ಕತ್ತರಿಸಿ ತೋರಿಸಬೇಕಂತೆ. ಒಂದು ಗೆರೆ ಆಚೀಚೆ ಆದರೂ ಆ ಬದಲಾವಣೆ ಒಳಗೆ ಬರುವ ಹಾಗಿಲ್ಲ. ಒಂದನ್ನು ತೆರೆದಳು. ಒಲೆಯ ಮುಂದೆ ಕೂತು ನಾನು ಹಾಕಿದ ಗೆರೆಗಳು, ಒಂದೂ ಬಿಡದೆ, ಅದೇ ಜಾಗದಲ್ಲಿದ್ದವು.

"ಪ್ರಪಂಚದ ಯಾವ ಮೂಲೆಯಿಂದ ಯಾರು ಏನು ಕಳಿಸಿದ್ರೂ ನಿಮ್ಮನ್ನ ದಾಟಿ ಬರ್ಬೇಕು," ಎಂದಳು. "ನನಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ ಅಕ್ಕ? ನಾನು ಎಂಟು ವರ್ಷ ಬರೆದಿದೀನಿ. ನಂದೆಲ್ಲಾನೂ ಯಾರಾದ್ರೂ ನಾಳೆ ಅಳಿಸಿ ಬರೀಬೋದು. ನಿಮ್ಮದನ್ನ ಆಗಲ್ಲ."

ಆ ಮಾತು ಕೇಳಿ ನನಗೆ ಸಂತೋಷವಾಯಿತು. ಬಹಳ ಸಂತೋಷವಾಯಿತು. ಅದು ನಿಲ್ಲಲಿಲ್ಲ, ಏಕೆಂದರೆ ಅವಳು ಪಟ್ಟಿಯ ಕೊನೆಗೆ ಬಂದಳು. ಮನೆ ನಲವತ್ತೊಂದು. ತೆರೆದರೆ ಬಿಳಿ.

"ಆ ಭಾನುವಾರ ಇಟ್ಟಿದಾರೆ. ಹಾಳೆ ಬರೆದಾಗಿದೆ, ಮನೇಲಿ ಗೆರೆ ಹಾಕಿದ ಮೇಲೆ ಇದ್ರಲ್ಲಿ ತುಂಬ್ತೀನಿ ಅಂದಿದ್ರು. ಬರೀ ಟಿಪ್ಪಣಿ ಇರೋ ಸಾಲುಗಳು. ನಮ್ಮನೆಯವಳು ಕೆಳಗಿನದಕ್ಕೆ ಸೇರಿಸಿದ್ರೆ ನಿನ್ನ ಮಾತು ಗೆದ್ದಂಗೆ, ಹಿಂದಿನದಕ್ಕೇ ಸೇರಿಸಿದ್ರೆ ಇನ್ಮೇಲೆ ಬಾಯಿ ಮುಚ್ಕೊಂಡಿರ್ಬೇಕು ಅಂತ ಆಗಿತ್ತು ಅಕ್ಕ, ನಮ್ಮಿಬ್ಬರ ಒಪ್ಪಂದ."

ಅಂದರೆ ಅವರು ಆ ಮಧ್ಯಾಹ್ನ ಪೆನ್ಸಿಲ್ ಹಿಡಿದು ಬಂದದ್ದು ತೀರ್ಪು ಕೇಳುವುದಕ್ಕೆ.

ನಾನು ರಟ್ಟು ಬಿಚ್ಚಿ ಅಚ್ಚನ್ನು ಮೇಜಿನ ಮೇಲಿಟ್ಟೆ. ಮೇಲಿನ ಅಂಚಿನಿಂದ ಅರ್ಧದಾಚೆಯವರೆಗೂ ಕತ್ತಿನ ಆಕಾರದಲ್ಲಿ ದೊಡ್ಡ ತೆರಪು. ಅದರ ಎಡಕ್ಕೂ ಬಲಕ್ಕೂ ಅವರ ಅಕ್ಷರ. ತೆರಪಿನಲ್ಲಿ ಹೋಟೆಲಿನ ಮೇಜು ಕಾಣುತ್ತಿತ್ತು. ಅವಳು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದಳು.

"ನಾನೇ ಕತ್ರಿಸಿದ್ದು," ಎಂದೆ. "ಗೊತ್ತಿದ್ದೇ ಕತ್ರಿಸಿದ್ದು. ನಿಮ್ಮ ಮೇಲಿನ ಸಿಟ್ಟಿಗೆ."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾಳೆಯ ಮೇಲೆ ಬಗ್ಗಿ, ಎಡಗಡೆ ಉಳಿದದ್ದನ್ನೂ ಬಲಗಡೆ ಉಳಿದದ್ದನ್ನೂ ಮೆಲ್ಲಗೆ ಓದತೊಡಗಿದಳು. ಓದುತ್ತಾ ಅವಳ ಮುಖ ಬದಲಾಯಿತು. ಅವರ ಜೊತೆ ಮಾತಾಡುತ್ತಿರುವ ಹಾಗೆ ಕಂಡಳು. "ಇಲ್ಲಿ ಹೀಗಿರ್ಬೇಕು," ಎಂದು ಒಂದು ಸಾಲಿನ ನಡುವಿನದನ್ನು ಬೇರೆ ಕಾಗದದಲ್ಲಿ ಬರೆದಳು. "ಇದು ಸಾರ್ ಯಾವಾಗ್ಲೂ ಬರೀತಿದ್ದ ಸಾಲು."

ಅವರು ನನಗೆಂದು ಬರೆದದ್ದನ್ನು ತುದಿ ನೋಡಿ ನಡುವನ್ನು ಹೇಳಬಲ್ಲವಳು ಅವಳು. ಹಾಳೆ ಹಾಳು ಮಾಡಿದ್ದಕ್ಕಿಂತ ಅದು ಹೆಚ್ಚು ನೋಯಿಸಿತು. ನಾನು ಚೀಲದಿಂದ ಟೇಪು ತೆಗೆದೆ. ತೆರಪನ್ನು ಅಳೆದೆ. ಆಮೇಲೆ ಪಕ್ಕದಲ್ಲಿ ಉಳಿದ ಅವರ ಅಕ್ಷರಗಳನ್ನು ಅಳೆದೆ, ಒಂದಿಂಚಿಗೆ ಎಷ್ಟು ಅಕ್ಷರ ಬರೆಯುತ್ತಾರೆ ಎಂದು.

"ಸಾಲಲ್ಲ ಕಣಮ್ಮ," ಎಂದೆ. "ಇಲ್ಲಿ ಐದೂವರೆ ಇಂಚು ಐತೆ. ನೀವು ಬರೆದದ್ದು ಅವರ ಕೈಯಲ್ಲಿ ಮೂರು ಇಂಚಿಗೇ ಮುಗಿದೋಗುತ್ತೆ. ಇನ್ನೂ ಏನೋ ಇತ್ತು."

ಅವಳು ಎಣಿಸಿ ನೋಡಿದಳು. ಹೌದು ಎಂದಳು. ಇನ್ನೊಂದು ಸಾಲು ಪ್ರಯತ್ನಿಸಿದಳು. ಅದು ಅರ್ಧ ಇಂಚು ಹೆಚ್ಚಾಯಿತು. ಮೂರನೆಯದಕ್ಕೆ ಪೆನ್ನು ಕೆಳಗಿಟ್ಟಳು. ಹೋಟೆಲಿನವನು ಬಂದು, "ಏನ್ರವ್ವ, ಕಾಫಿ ಆರೋಯ್ತಲ್ಲ, ಬೇರೆ ಕೊಡ್ಲಾ?" ಎಂದು ಕೇಳಿದ. ಬೇಡ ಎಂದೆವು.

"ನೀವೇ ಹೇಳಿ ಅಕ್ಕ," ಎಂದಳು. "ನಿಮಗೆ ಹೆಂಗನ್ಸುತ್ತೆ? ಟಿಪ್ಪಣಿ ಯಾವುದಕ್ಕೆ ಸೇರ್ಬೇಕು? ನೀವು ಹೇಳಿದ ಹಾಗೇ ಮಾಡ್ತೀನಿ."

"ಅರ್ಥ ಕೇಳ್ಕೊಂಡ ಮೇಲೆ ನಾನು ಹೆಂಗೆ ಹೇಳ್ಲಿ? ಅರ್ಥ ಗೊತ್ತಿಲ್ದೆ ಗೆರೆ ಹಾಕ್ಬೇಕಿತ್ತು. ಅವರು ಬರೆದದ್ದು ನೋಡಿ ಹಾಕ್ಬೇಕಿತ್ತು."

ಆಗ ಅವರ ಫೋನನ್ನು ತೆಗೆದು ಮೇಜಿನ ಮೇಲಿಟ್ಟೆ. ಅವಳು ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದಳು. ಫೋನು ಸದ್ದು ಮಾಡಿತು. ಆರು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದೆ. ಅಷ್ಟಕ್ಕೇ ಮುಗಿಯಿತು. ಬೇಲೂರಿನ ಬಸ್ಸಿಗೆ ಅವಳನ್ನು ಹತ್ತಿಸುವಾಗ, ಆ ರವಿಕೆ ಕಳಿಸಿಕೊಟ್ಟರೆ ತೋಳು ಸರಿಯಾಗಿ ಕೂರಿಸಿ ಕಳಿಸುತ್ತೇನೆ ಎಂದೆ. ಕಳಿಸುತ್ತೇನೆ ಎಂದಳು. ಇನ್ನೂ ಕಳಿಸಿಲ್ಲ.

ಹೊಸ ರೀತಿಯ ಗುರುತಿನ ತಪ್ಪನ್ನು ಅವಳು ಸರಿ ಮಾಡಿ ಬಿಟ್ಟಳಂತೆ. ಖಾಲಿ ಜಾಗದ ನಿಯಮವನ್ನು ಮುಟ್ಟಿಲ್ಲ. ಪಟ್ಟಿಯಲ್ಲಿ ನಲವತ್ತೊಂದನ್ನು ಅಳಿಸಿಲ್ಲ, ತುಂಬಿಯೂ ಇಲ್ಲ. ಅಚ್ಚು ಮತ್ತೆ ಮೊಳೆಗೆ ಬಂದಿದೆ. ಅದನ್ನಿಟ್ಟು ನಾನು ಬೇರೆ ಕತ್ತು ಕತ್ತರಿಸಿಲ್ಲ. ಒಂದು ದಿನ ಪೆನ್ಸಿಲ್ ತೆಗೆದುಕೊಂಡು, ಕೆಳಗೆ ಪೂರ್ತಿ ಉಳಿದಿರುವ ಆರು ಸಾಲಿಗೆ ಗೆರೆ ಹಾಕಿದೆ. ಅವು ಸುಲಭದವು. ಕಷ್ಟದ್ದನ್ನು ಅವರು ಯಾವಾಗಲೂ ಮೇಲೇ ಬರೆಯುತ್ತಿದ್ದರು.

ಮೇಲಿನ ಹದಿಮೂರು ಸಾಲುಗಳ ನಡುವಿನ ಭಾಗ ಇಲ್ಲ.